ಮಾಸ್ಟರ್ ಕಾಪಿ

ಮಸ್ಕಿ ಬಸ್‌ಸ್ಟ್ಯಾಂಡ್ ಎದುರಿಗೆ ನಂದು ಝೆರಾಕ್ಸ್ ಅಂಗಡಿ.
ಫೆಬ್ರವರಿ ಬಂತಂದ್ರ
ಅಮರಮ್ಮ ಟೀಚರು ಬರ್ತಾರ, ಕಂಕುಳಾಗ ಫೈಲು,
ಸೆರಗಿಗೆ ಚಾಕ್‌ಪೀಸಿನ ಪುಡಿ.
'ರಾಜಾಬಕ್ಷ, ನಲವತ್ತೆಂಟು ಸೆಟ್ಟು. ಹಿಂದ ಮುಂದ ಎರಡೂ ಕಡಿ.
ರೊಕ್ಕ, ಪಗಾರ ಆದ ಮ್ಯಾಲ.'

ಮಷೀನು ಬಿಸಿಯಾಗಾಕ ಎರಡು ನಿಮಿಷ.
ಅಷ್ಟರಾಗ ಓದ್ತೀನಿ. ಓದೂದಂದ್ರ, ನೋಡ್ತೀನಿ:
ಬಿಟ್ಟ ಸ್ಥಳ, ಗೆರಿ, ಗೆರಿ ಕೆಳಗ ಮತ್ತೊಂದು ಗೆರಿ,
ಕರ್ತರಿ, ಕರ್ಮಣಿ.
ಬೆಕ್ಕು ಇಲಿಯನ್ನು ಕೊಂದಿತು.
ಬೆಕ್ಕಿನಿಂದ ಇಲಿಯು ಕೊಲ್ಲಲ್ಪಟ್ಟಿತು.
ಹ್ಯಾಂಗ ತಿರುವಿದ್ರೂ ಇಲಿ ಬದುಕಂಗಿಲ್ಲ,
ಒಂದು ಮಾರ್ಕು ಮಾತ್ರ ಗ್ಯಾರಂಟಿ.

ತೊಂಬತ್ತಾರರಾಗ ಇದೇ ಇಂಗ್ಲಿಷಿನಾಗ ನಾನು ಡುಮ್ಕಿ.
ಇಪ್ಪತ್ತೇಳಕ್ಕ ನಿಂತೆ, ಮೂವತ್ತೈದು ಬೇಕಿತ್ತು.
ಆ ಎಂಟು ಮಾರ್ಕಿನ ಸಂದಿನಾಗ ಕುಂತು
ಈಗ ಮಷೀನು ನಡಸ್ತೀನಿ.
ಹುಡುಗರು ನನ್ನ ಮುಂದಿಂದಾನ ದಾಟಿ ಹೋಗ್ತಾರ,
ಕೈಯಾಗ ಬಿಸಿ ಬಿಸಿ ಹಾಳಿ.

ಪತ್ರ ನಾಲ್ಕನೇ ಪುಟದಾಗ ಐತಿ.
ನಾನು ಬರದಾಗಿಂದ ಅದು ಬದಲಾಗಿಲ್ಲ.
ಪ್ರೀತಿಯ ಅಪ್ಪಗ, ನಾನಿಲ್ಲಿ ಕ್ಷೇಮ, ನೀವಲ್ಲಿ ಕ್ಷೇಮ ಅಂತ ತಿಳದೀನಿ,
ಶಾಲಿ ಪ್ರವಾಸ ಐತಿ, ಐನೂರು ರೂಪಾಯಿ ಕಳಸ್ರಿ.
ಐನೂರಕ್ಕ ಈಗ ಎಲ್ಲಿ ಪ್ರವಾಸ?
ಮುದಗಲ್ಲಿಗೆ ಹೋಗಿ ಚಾ ಕುಡದು ಬರಬಹುದು.
ಕೊನಿಗೆ, ಇಂತಿ ನಿಮ್ಮ ಪ್ರೀತಿಯ ಕಾವ್ಯಾ.
ಗಂಡುಹುಡುಗ್ರಾದ್ರ ಕಿರಣ.
ಅದರ ಕೆಳಗ ಟೀಚರು ಚೌಕಟ್ಟು ಹಾಕಿ ದಪ್ಪಗ ಬರದಾರ:
ನಿಮ್ಮ ಸ್ವಂತ ಹೆಸರು ಎಲ್ಲೂ ಬರೀಬ್ಯಾಡ್ರಿ.

ಮೊನ್ನೆ ಸಂಜಿ, ಕರೆಂಟು ಹೋಗಿ ಬಂದ ಹೊತ್ತು,
ಹುಸೇನಮ್ಮ ಬಂದ್ಲು, ಕುಂಬಾರ ಓಣಿಯಕಿ.
ಒಂದೇ ಹಾಳಿ. ಅದೇ ಪತ್ರ. ಆದ್ರ
ಮ್ಯಾಲ ಎಡಕ್ಕ ಹುಸೇನಮ್ಮ, ಮಸ್ಕಿ;
ಕೆಳಗ ಮತ್ತ ಹುಸೇನಮ್ಮ.
ಎರಡರ ಮ್ಯಾಲೂ ಕೆಂಪು ಗೀಟು. ಐದಕ್ಕ ಎರಡೂವರಿ.

'ಕಾಕಾ, ಕೆಂಪು ಬಿಟ್ಟು ಬರೇ ನಂದು ತೆಗಿ.'
ಮಷೀನಿಗೆ ತಿಳಿಯಂಗಿಲ್ಲವ್ವ, ಅಂದೆ,
ಟೀಚರ ಇಂಕು, ನಿನ್ನ ಇಂಕು, ಅದಕ್ಕ ಎರಡೂ ಕರೇನ.
ಯಾಕ, ಅಪ್ಪಗ ಕೊಡಾಕೇನು?
ನಕ್ಲು. 'ಅಪ್ಪ ಮನ್ಯಾಗ ಇರ್ತಾನ.
ಜಿನ್ನಿಂಗ್ ಮಿಲ್ಲಿನ ರಾತ್ರಿ ಪಾಳಿ ಮುಗಿಸಿ ಮಕ್ಕೊಂಡಿರ್ತಾನ.
ಎಬ್ಬಿಸಿ ಕೇಳಿದ್ರ ಬೈತಾನ. ಪತ್ರ ಕೊಟ್ರ ಹೆದರ್ತಾನ.'
ಮತ್ಯಾಕ?
'ಇಂಗ್ಲಿಷಿನಾಗ ನಾನು ಪೂರಾ ಬರದದ್ದು ಇದೊಂದ.'

ಗುಡ್ಡದಾಗ ನಮ್ಮೂರ ಕಲ್ಲು ಐತಿ, ಜಾಲರಿ ಹಿಂದ.
ಶಾಲಿಯಿಂದ ಒಮ್ಮೆ ಕರಕೊಂಡು ಹೋಗಿದ್ರು.
ಮಾಸ್ತರು ಹೇಳಿದ್ರು: ಒಂದೇ ಮಾತು,
ಊರೂರ ಬಂಡಿಗೆ ನಕಲು ಮಾಡಿಸಿದ ರಾಜ.
ಬಾಳ ಕಡಿ ಬರೇ ಬಿರುದು.
ಇಲ್ಲಿ ಯಾರೋ ಹೆಸರು ಕೆತ್ತಿಬಿಟ್ಟಾನ.
ಆ ಕಲ್ಲುಕುಟಿಗಗ ಯಾರು ಎಷ್ಟು ಮಾರ್ಕು ಕಡದ್ರೋ,
ಅದನ್ನ ಮಾಸ್ತರು ಹೇಳಲಿಲ್ಲ.

ಬಿಳಿ ಹಾಳಿ ಕತ್ತರಿಸಿ, ಕಡ್ಡಿಯಷ್ಟು ಪಟ್ಟಿ ಮಾಡಿ
ಕೆಂಪಿನ ಮ್ಯಾಲ ಅಂಟಿಸಿದೆ.
ಗೀಟಿನ ಜೋಡಿ ಹೆಸರೂ ಮುಚ್ಚಿತು.
ಪೆನ್ನು ಕೊಟ್ಟೆ. ಬಗ್ಗಿ ಮತ್ತ ಬರದ್ಲು,
ಈ ಸಲ ಎಸ್ ಎರಡು ಹಾಕಿ.
ಯಾವುದು ಖರೇ? ಅಂದೆ.
'ಶಾಲ್ಯಾಗ ಒಂದು. ಆಧಾರದಾಗ ಎರಡು.'

ಹಸರು ಬೆಳಕು ಒಮ್ಮೆ ಆ ಕಡಿ ಹೋಗಿ ಈ ಕಡಿ ಬಂತು.
ಎರಡು ರೂಪಾಯಿ. ಕೊಟ್ಲು, ಇಸಕೊಂಡೆ.
ಪರೀಕ್ಷಾದಾಗ ಕಾವ್ಯಾ ಅಂತಾನ ಬರಿ, ಅಂದೆ.
'ಗೊತ್ತೈತಿ ತಗೋ' ಅಂದು
ಹಾಳಿ ಗಾಳಿಗೆ ಆರಿಸ್ಕೊಂತ ರಸ್ತಾ ದಾಟಿದ್ಲು.
ನಲವತ್ತೆಂಟು ಸೆಟ್ಟಿಗೆ
ಇನ್ನೂ ಪಿನ್ನು ಹೊಡೀಬೇಕಿತ್ತು.