ಮಡಗಿದ್ದು

ಸಂತೇಪೇಟೆಯ ಅಡ್ಡರಸ್ತೆ. ಕೆಳಗೆ ಪ್ರೆಸ್ಸು,
ಮೇಲೆ ನಾನು, ಒಂದು ಫ್ಯಾನು, ಎರಡು ಮಾನಿಟರು.
ಟ್ರೆಡಲ್ ನಿಂತು ಹನ್ನೊಂದು ವರ್ಷವಾದರೂ
ಮೆಟ್ಟಿಲ ತುಂಬ ಇನ್ನೂ ಸೀಮೆಎಣ್ಣೆ ವಾಸನೆ.

ನನ್ನ ಬಳಿ ಒಂದು ಫೋಲ್ಡರ್ ಇದೆ. ಹೆಸರು, ಮಡಗಿದ್ದು.
ಮೊಬೈಲಿನಲ್ಲಿ ಮಡಚಿಕೊಳ್ಳುವ ಮೆನು,
ದಿನಾಂಕ ತಿರುಗಿಸಿ ಬರೆಯುವ ನಾಕು ಸಾಲು,
ಹತ್ತಂಕಿಗೆ ಒಂದು ಕಮ್ಮಿಯಾದರೂ ಬೈಯುವ ಫೋನ್ ನಂಬರಿನ ಖಾನೆ,
ಯಾಕೆ ಕೆಲಸ ಮಾಡುತ್ತದೋ ಗೊತ್ತಿಲ್ಲದ,
ಮುಟ್ಟಲು ಹೆದರುವ ಒಂದು ತುಣುಕು.
ಅದರ ನೆತ್ತಿಯ ಮೇಲೆ ನಾನೇ ಬರೆದುಕೊಂಡಿದ್ದೇನೆ:
ಇದನ್ನ ತೆಗೀಬೇಡ ಕಣೆ, ರಾತ್ರಿ ಮೂರು ಗಂಟೆ.

ಒಂದಷ್ಟು ಜೆಸಿಂತಾಳವು,
ಕೆಲಸ ಬಿಡುವ ದಿನ ಪೆನ್‌ಡ್ರೈವಿನಲ್ಲಿ ಕೊಟ್ಟು ಹೋದದ್ದು.
ಅವಳು ಎರಡು ಸ್ಪೇಸು ಬಿಡುವವಳು, ನಾನು ನಾಲ್ಕು.
ಅದನ್ನು ಸರಿಮಾಡಿಲ್ಲ.

ಎರಡಕ್ಷರ ಹೊಡೆದು ಟ್ಯಾಬ್ ಒತ್ತಿದರೆ
ನಲವತ್ತು ಸಾಲು ಎದ್ದು ಕೂರುತ್ತವೆ.
ಮೊದಲ ಖಾಲಿ ಜಾಗದಲ್ಲಿ ಕರ್ಸರ್ ಮಿಣುಕುತ್ತಾ
ಹೆಸರೇನು ಅನ್ನುತ್ತದೆ. ಮತ್ತೆ ಟ್ಯಾಬ್. ಊರು? ಮತ್ತೆ ಟ್ಯಾಬ್.

ಶಾರ್ಟ್‌ಕಟ್ಟುಗಳು ಮೊದಲು ಹಳೇ ಡೈರಿಯ ಹಿಂಪುಟದಲ್ಲಿದ್ದವು:
ಸಾಲನ್ನು ಮೇಲೆತ್ತಲು ಆಲ್ಟ್ ಜೊತೆ ಬಾಣ,
ಒಂದೇ ಪದವನ್ನು ಸಿಕ್ಕಸಿಕ್ಕಲ್ಲಿ ಹಿಡಿಯಲು ಕಂಟ್ರೋಲ್ ಡಿ, ಡಿ, ಡಿ.
ಈಗ ಯಾರಾದರೂ ಕೇಳಿದರೆ ಬಾಯಲ್ಲಿ ಹೇಳಲಾರೆ,
ಮೇಜಿನಂಚಿನ ಮೇಲೆ ಬೆರಳಾಡಿಸಿ ನೋಡಿ ಹೇಳಬೇಕು.
ಎಲ್ಲ ಗೊತ್ತಿರುವುದು ಎಡಗೈ ಕಿರುಬೆರಳಿಗೆ.
ಚಳಿಗಾಲದಲ್ಲಿ ಅದೇ ಮೊದಲು ನೋಯುತ್ತದೆ.

ಒಂದು ಸಂಜೆ ಪುಟ್ಟಮಾದಯ್ಯನವರು ಮೇಲೆ ಬಂದರು,
ಕರೆಂಟ್ ಬಿಲ್ಲು ಹಿಡಿದು.
"ಇಷ್ಟು ಬೇಗ ಹೆಂಗವ್ವಾ ಕಂಪೋಜ್ ಮಾಡ್ದೆ?"
ತೋರಿಸಿದೆ. ಒಂದೇ ಒತ್ತು ಅಂದೆ.
ಅವರಿಗೆ ಒತ್ತು ಅಂದರೆ ಅಕ್ಷರದ ಅಡಿಗೆ ಜೋತುಬಿದ್ದದ್ದು,
ಬೇರೆ ಖಾನೆ, ಸಣ್ಣ ಮೊಳೆ, ಕಣ್ಣಿಗೆ ಕಷ್ಟ.
ನಕ್ಕರು. ಕೆಳಗೆ ಬಾ ಅಂದರು.

ಬೀರುವಿನ ಕೊನೇ ಅರೆಯಲ್ಲಿ ದಾರ ಸುತ್ತಿದ ಸೀಸದ ಇಟ್ಟಿಗೆಗಳು.
ಅಕ್ಷರ ನನಗೆ ತಿರುಗುಮುರುಗು, ಅವರು ಬೆರಳಲ್ಲೇ ಓದಿದರು:
ಗುರುಹಿರಿಯರ ನಿಶ್ಚಯದಂತೆ, ಒಂದು ಕಟ್ಟು.
ಉಡುಗೊರೆ ಸ್ವೀಕರಿಸುವುದಿಲ್ಲ, ಒಂದು ಕಟ್ಟು.
ವೈಕುಂಠ ಸಮಾರಾಧನೆ, ಸ್ವಲ್ಪ ದಪ್ಪ.
"ಬಿಚ್ಚಿ ಖಾನೆಗೆ ಹಾಕುದ್ರೆ ನಾಳೆ ಮತ್ತೆ ಜೋಡಿಸ್ಬೇಕಲ್ಲ,
ಅದ್ಕೆ ಮಡಗ್ಬುಡೋದು. ಹೆಸ್ರು ಮಾತ್ರ ಕಿತ್ತಾಕೋದು."

ಬೆಂಕಿಪೊಟ್ಟಣದೊಳಗೆ ಇನ್ನೊಂದು ಪುಟಾಣಿ ಕಟ್ಟು.
ಇಂದ್ರಾಣಿ.
ಆಗಿನ್ನೂ ಅವರು ಸಂಬಳದಾಳು. ಯಾರದೋ ಮದುವೆಗೆ
ಹಿಂದಿನ ಮದುವೆಯ ಈ ಹೆಸರು ಕೀಳದೆ
ಮುನ್ನೂರು ಕಾರ್ಡು ಹೊಡೆದುಬಿಟ್ಟಿದ್ದರಂತೆ.
ಹೆಣ್ಣಿನ ತಂದೆ ಕಟ್ಟನ್ನು ಕೌಂಟರಿನ ಮೇಲೆ ಎಸೆದರಂತೆ.
"ಆವಮ್ಮ ಎಲ್ಲವ್ಳೋ, ನನ್ ಮೂರ್ ತಿಂಗಳ ಸಂಬಳ ತಿಂದ್ಲು"
ಅನ್ನುತ್ತಾ ಅದನ್ನು ಅಂಗಿಗೆ ಉಜ್ಜಿ ಒರೆಸುತ್ತಿದ್ದರು.

ನಾನೇನು ಕಮ್ಮಿಯೆ?
ಪಾಂಡವಪುರದ ಬೆಲ್ಲದವರ ಫುಟರನ್ನು
ಲಷ್ಕರ್ ಮೊಹಲ್ಲಾದ ಫರ್ಹತ್ ಬ್ಯೂಟಿ ಪಾರ್ಲರಿಗೆ ಹಾಗೇ ಅಂಟಿಸಿ,
ವಾರವಿಡೀ ಬೆಲ್ಲದವರಿಗೆ ಕರೆ:
ಹುಬ್ಬು ತೀಡಿಸೋಕೆ ಎಷ್ಟು?
ಪಾಪ, ನಾಲ್ಕನೇ ದಿನದಿಂದ ಅವರೇ ರೇಟು ಹೇಳತೊಡಗಿದ್ದರು.

ಆ ರಾತ್ರಿ ಫೋಲ್ಡರ್ ತೆರೆದು
ಹೆಸರಿಗೆಂದು ಬಿಟ್ಟ ಜಾಗಗಳಲ್ಲೆಲ್ಲ ಅವಳನ್ನು ಕೂರಿಸಿದೆ,
ತುಂಬಲು ಮರೆತರೆ ಕಣ್ಣಿಗೆ ಹೊಡೆಯಲಿ ಅಂತ.
ಈಗ ಬೂದುಬಣ್ಣದಲ್ಲಿ ಕೂತಿರುತ್ತಾಳೆ,
ಯಾರಾದರೂ ಬಂದರೆ ಎದ್ದು ಜಾಗ ಕೊಡುತ್ತಾಳೆ.

ಮೊನ್ನೆ ಬನ್ನೂರಿನ ಕುರಿ ಫಾರಮ್ಮಿನ
ಚನ್ನಂಕೇಗೌಡರ ಫೋನು:
"ಮೇಡಮ್, ಸೈಟು ಚೆಂದಾಗದೆ.
ಮಾಲೀಕರ ಪಕ್ಕ ಇಂದ್ರಾಣಿ ಅಂತ ಬತ್ತದಲ್ಲ,
ಯಾರವ್ವಾ ಅದು?
ನಮ್ಮನೇವ್ರು ಕೇಳ್ತಾವ್ರೆ."