ಕೊಳವೆಗೆ ಬಿಸಿ ಬರುವ ಮುನ್ನ

ತಲ್ಗಾರ್ ಊರಿನಲ್ಲಿ ಅಕ್ಟೋಬರದ ಎರಡನೇ ವಾರ
ಯಾರದ್ದೂ ಅಲ್ಲ.
ಬೇಸಿಗೆ ಬಾಡಿಗೆ ತೀರಿಸಿ ಹೋಗಿಯಾಗಿದೆ,
ಚಳಿ ಬಂದು ಮಂಚದ ಮೇಲೆ ಕಾಲು ಚಾಚಿದೆ,
ನಗರಸಭೆಯವರು ಮಾತ್ರ
ಕೊಳವೆಗೆ ಇನ್ನೂ ಬಿಸಿನೀರು ಬಿಟ್ಟಿಲ್ಲ.
ಕಿಟಕಿಯ ಕೆಳಗೆ ಕಬ್ಬಿಣದ ಹಲ್ಲುಸಾಲು
ಮುಟ್ಟಿದರೆ ಕೈ ಹಿಂದೆ ಬರುತ್ತದೆ.
ಕೋಟು ತೊಟ್ಟೇ ಚಹಾ ಕುಡಿಯುತ್ತೇವೆ.

ನನಗೆ ಅಷ್ಟೇನೂ ತೊಂದರೆಯಿಲ್ಲ.
ರಾತ್ರಿಪಾಳಿ, ಬ್ರೆಡ್ ಕಾರ್ಖಾನೆ, ಮೂರನೇ ನಂಬರಿನ ಒಲೆ.
ಗಂಟೆಗೆ ಆರುನೂರು ಬ್ರೆಡ್ಡು
ನನ್ನ ಕಣ್ಣೆದುರು ಕೆಂಪಾಗುತ್ತವೆ,
ಒಂದರ ಘಮವೂ ನನಗೆ ತಾಗುವುದಿಲ್ಲ.
ಹದಿನೇಳು ವರ್ಷ.
ಮೂಗು ಎಂದೋ ರಾಜೀನಾಮೆ ಕೊಟ್ಟಿದೆ.

ಮನೆಯ ಓವನ್ ಹಚ್ಚಿದ ನೆನಪಿಲ್ಲ.
ಅದು ನಮ್ಮ ಬಾಣಲೆಗಳ ಬೀರು:
ದೊಡ್ಡದರೊಳಗೆ ಸಣ್ಣದು, ಸಣ್ಣದರೊಳಗೆ ಮುಚ್ಚಳ,
ಮುಚ್ಚಳದ ಮೇಲೆ
ಮದುವೆಯಲ್ಲಿ ಯಾರೋ ಕೊಟ್ಟ ತುರಿಮಣೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲು ಹತ್ತುತ್ತಿದ್ದೆ.
ಎರಡನೇ ಮಹಡಿಯಲ್ಲಿ ಸುಟ್ಟ ಪ್ಲಾಸ್ಟಿಕ್ಕು.
ಮೂರನೆಯದರಲ್ಲಿ ದಾಲ್ಚಿನ್ನಿ.
ನಾಲ್ಕಕ್ಕೆ, ನಮ್ಮ ಬಾಗಿಲಿಗೆ,
ಎರಡೂ ಕೈ ಕೈ ಹಿಡಿದು ನಿಂತಿದ್ದವು.
ಬೀಗದ ಕೈ ಹಿಡಿದವಳು ಹಾಗೇ ನಿಂತೆ.
ಮೂಗು, ಯಾರನ್ನೂ ಕೇಳದೆ,
ಕೆಲಸಕ್ಕೆ ಮರಳಿತ್ತು.

ಒಳಗೆ ಮೋಡ.
ಮೋಡದ ನಡುವೆ ಮಗ ಅಲ್ದಿಯಾರ್, ಹುಬ್ಬಿಗೆಲ್ಲ ಹಿಟ್ಟು.
ಪಕ್ಕದಲ್ಲಿ ಎದುರುಮನೆಯ ಸೆರಾಫಿಮಾ ಲ್ವೋವ್ನಾ,
ನಿವೃತ್ತ ರೇಖಾಗಣಿತ, ಈಗ ಕಣ್ಣು ಅರ್ಧ ಮಬ್ಬು.
ಮಧ್ಯಾಹ್ನದ ಶಾಲೆ ಇವನದು,
ಬೆಳಗಿನ ಚಳಿ ಇಬ್ಬರದೂ.

“ಷಾರ್ಲೊತ್ಕಾ,” ಎಂದರು ಆಕೆ, ಪ್ರಮೇಯ ಹೇಳುವವರ ಹಾಗೆ.
“ನಾಲ್ಕು ಮೊಟ್ಟೆ. ಒಂದು ಲೋಟ ಸಕ್ಕರೆ. ಒಂದು ಲೋಟ ಹಿಟ್ಟು.
ಸೇಬು, ಇದ್ದಷ್ಟು.”
“ಮನೆಯಲ್ಲಿದ್ದದ್ದು ಮೂರೇ ಮೊಟ್ಟೆ,” ಅಂದೆ.
“ಒಂದರಲ್ಲಿ ಎರಡು ಹಳದಿ ಇತ್ತಮ್ಮಾ,
ಲೆಕ್ಕ ಸರಿಹೋಯ್ತು.”

ಸೇಬು ನಾನೇ ತಂದದ್ದು, ಭಾನುವಾರ,
ರಸ್ತೆಬದಿಯ ಬಕೆಟ್ಟಿನಿಂದ.
ಅಪೋರ್ಟ್. ಒಂದನ್ನು ಹಿಡಿಯಲು ಎರಡು ಕೈ ಬೇಕು.
ಬಾಲ್ಕನಿಯಲ್ಲಿ ಮರೆತಿದ್ದೆ,
ಎರಡು ಕೊಳೆಯಲು ಶುರುವಾಗಿದ್ದವು.
ಕೊಳೆತ ಭಾಗ ಕೊರೆದು ತೆಗೆದದ್ದು ಯಾರು,
ಕುರುಡು ಕಣ್ಣೋ, ಒಂಬತ್ತು ವರ್ಷದ ಕೈಯೋ,
ಕೇಳಲಿಲ್ಲ.
ಬಾಣಲೆಗಳನ್ನು ಮಾತ್ರ ಇಬ್ಬರೂ ಮರೆತಿದ್ದರು.
ಒಳಗೆ ಹಾಗೇ ಬಿಟ್ಟು ಉರಿ ಹಚ್ಚಿ
ಹಿಟ್ಟು ಕಲಸಲು ಕೂತಿದ್ದರು.
ಸಣ್ಣ ಬಾಣಲೆಯ ಹಿಡಿ
ಕಪ್ಪು ಜೇನಿನಂತೆ ಸರಳುಗಳ ಮೇಲೆ ಇಳಿದಿತ್ತು.

ಬೇಯಿಸಿದ್ದನ್ನು ಮೇಜಿನ ಮೇಲಿಟ್ಟರು.
ಅಂಚು ಎದ್ದಿದೆ, ನಡು ಕುಸಿದಿದೆ.
ಕಂಡ ತಕ್ಷಣ ಗೊತ್ತು ನನಗೆ:
ಮೊಟ್ಟೆ ಸಾಕಷ್ಟು ಕಡೆದಿಲ್ಲ,
ಕೆಳಗಿನ ಉರಿ ಹೆಚ್ಚು,
ಬಾಗಿಲು ತೆರೆದು ಇಣುಕಿದ್ದಾರೆ, ಒಂದಲ್ಲ ಐದು ಸಲ.
ಕಾರ್ಖಾನೆಯಲ್ಲಾಗಿದ್ದರೆ
ತಿರಸ್ಕೃತ ಮಾಲಿನ ಡಬ್ಬಕ್ಕೆ ಎಸೆದು ಸಹಿ ಹಾಕುತ್ತಿದ್ದೆ.

ಬೆವರಿದ ಕಿಟಕಿಯ ಗಾಜಿನ ಮೇಲೆ
ಸೆರಾಫಿಮಾ ಲ್ವೋವ್ನಾ ಬೆರಳಿನಿಂದ
ವೃತ್ತವೊಂದನ್ನು ಮೂರು ಸಮಪಾಲು ಮಾಡಿ ತೋರಿಸುತ್ತಿದ್ದರು.
ಅಷ್ಟರಲ್ಲಿ ಹುಡುಗ ಚಮಚ ಇಳಿಸಿಯಾಗಿತ್ತು,
ಕುಸಿದ ನಡುವಿಗೇ.
ಅಲ್ಲೇ ಸೇಬೆಲ್ಲ ಕೂಡಿಕೊಂಡಿತ್ತು,
ಹುಳಿ, ಮೆದು, ಅರ್ಧ ಬೆಂದದ್ದು.

ಬೈಯಬೇಕೆಂದೇ ಬಾಯಿ ತೆರೆದೆ.
ಚಮಚ ಒಳಗೆ ಬಂತು.
ಬೈಗುಳ ಬಿಸಿ ಸೇಬಿಗೆ ಸಿಕ್ಕಿ
ನಾಲಿಗೆ ಸುಟ್ಟುಕೊಂಡಿತು.
ಕೋಟು ಯಾವಾಗ ಬಿಚ್ಚಿದೆನೋ,
ಕುರ್ಚಿಯ ಮೇಲೆ ಬಿದ್ದಿತ್ತು.
ಮೇಜಿಗೆ ತಲೆಯಿಟ್ಟು ಅಲ್ಲೇ ನಿದ್ದೆ ಹೋದೆನಂತೆ,
ಕೈಯಲ್ಲಿ ಚಮಚ ಹಾಗೇ.

ಶನಿವಾರ ಕೊಳವೆಗಳು ಕೆಮ್ಮಿದವು, ಬಡಿದವು,
ಕಬ್ಬಿಣಕ್ಕೆ ಜೀವ ಬಂತು.
ಬಾಣಲೆಗಳು ಮತ್ತೆ ಓವನ್ನಿನೊಳಗೆ.
ಹಿಡಿಯಿಲ್ಲದ್ದನ್ನು ಬಟ್ಟೆ ಸುತ್ತಿ ಎತ್ತುತ್ತೇನೆ.
ಹೊಸದು ತರಬೇಕು ಅನ್ನುತ್ತಾನೆ ಅಲ್ದಿಯಾರ್.
ತರೋಣ ಅನ್ನುತ್ತೇನೆ.
ಇನ್ನೂ ತಂದಿಲ್ಲ.