ಗಾಳಿ ಹೆಚ್ಚಾದ ರಾತ್ರಿ

ರಾತ್ರಿ ಪಾಳಿಯಲ್ಲಿ ನನ್ನ ಕೆಲಸ, ಕೇಳುವುದು.
ಹದಿನಾಲ್ಕು ತೊಟ್ಟಿ, ನಲವತ್ತು ಸಾವಿರ ಅಬಲೋನಿ ಮರಿ,
ಒಂದೊಂದೂ ಕಿರುಬೆರಳ ಉಗುರಿನಷ್ಟು.
ದೀಪ ಆರಿಸಿದರೆ ಮೇಯಲು ಹೊರಡುತ್ತವೆ.
ಕಿವಿಗೊಟ್ಟರೆ ಕಡಲಪಾಚಿ ಹರಿಯುವ ಸದ್ದು,
ಪಕ್ಕದ ಕೋಣೆಯಲ್ಲಿ ಯಾರೋ ಅವಸರವಿಲ್ಲದೆ
ಹಳೇ ಕಾಗದ ಹರಿಯುತ್ತಿರುವಂತೆ.

ಆ ಪಾಚಿ ಕೊಯ್ದು ತರುವವನು ನನ್ನಪ್ಪ, ಬಾರ್ಟ್ಲಿ.
ಇಳಿತದಲ್ಲಿ ಕೊಯ್ದು, ರಾಶಿಗೆ ಹಗ್ಗ ಬಿಗಿದು ಕಾಯುತ್ತಾನೆ;
ಉಬ್ಬರ ಬಂದು ಎತ್ತಿಕೊಟ್ಟಾಗ
ದೋಣಿಗೆ ಕಟ್ಟಿ ಎಳೆದು ತರುತ್ತಾನೆ.
ತೇಲುವ ಆ ರಾಶಿಗೆ ಕಾನಮಾರಾದಲ್ಲಿ ಕ್ಲಿಮೀನ್ ಅನ್ನುತ್ತೇವೆ.
ಸಂಶೋಧನಾ ಪಾರ್ಕಿನ ರಸೀದಿಯಲ್ಲಿ ಅದರ ಹೆಸರು
‘ಆಹಾರ ಸಾಮಗ್ರಿ, ಒದ್ದೆ ತೂಕ’.
ಅಪ್ಪ ರಸೀದಿ ಮಡಚಿ ಟೋಪಿಯೊಳಗಿಡುತ್ತಾನೆ.

‘ನನ್ನಜ್ಜ ಇದನ್ನು ಬರಿಬಂಡೆಗೆ ಹಾಸಿ ಹಾಸಿ
ಮಣ್ಣು ಮಾಡಿದ, ಆಲೂಗಡ್ಡೆ ಬೆಳೆದ.
ನೀವು ಬಸವನಹುಳುವಿಗೆ ತಿನ್ನಿಸಿ
ಜಪಾನಿಗೆ ಕಳಿಸುತ್ತೀರಿ.’
ಅದು ಬಸವನಹುಳುವಲ್ಲ ಅಪ್ಪ.
‘ಬೆನ್ನ ಮೇಲೆ ಮನೆ ಇದೆಯೋ ಇಲ್ಲವೋ?’

ಜನವರಿಯ ಆ ರಾತ್ರಿ ಪಡುವಣದಿಂದ ನುಗ್ಗಿದ್ದು
ಗಾಳಿಯಲ್ಲ, ಗಾಳಿಯ ಹಿಂಡು.
ಹತ್ತಕ್ಕೆ ತಂತಿ ಕಡಿಯಿತು. ಊರು ಕಪ್ಪಾಯಿತು.
ಗುಡ್ಡದ ಗಾಳಿಯಂತ್ರದತ್ತ ಓಡಿ ನೋಡಿದೆ:
ಇಂಥದೊಂದು ರಾತ್ರಿಗಾಗಿಯೇ ಅಲ್ಲವೆ ಅದನ್ನು ನೆಟ್ಟದ್ದು?
ರೆಕ್ಕೆ ಓರೆ ಮಾಡಿಕೊಂಡು, ತನಗೆ ತಾನೇ ಬ್ರೇಕು ಹಾಕಿಕೊಂಡು
ನಿಂತೇ ಇತ್ತು,
ಹೊಳೆ ತುಂಬಿ ಬಂದಾಗ
ಬಿಂದಿಗೆ ಕವುಚಿ ಕೂತವಳ ಹಾಗೆ.
‘ಕೆಟ್ಟಿಲ್ಲ,’ ಎಂದ ಎಂಜಿನಿಯರ್ ಫಿಂಟನ್ ಫೋನಿನಲ್ಲಿ,
‘ಗಾಳಿ ಮಿತಿ ಮೀರಿದರೆ ಅದು ಹಾಗೇ.’
ಡೀಸೆಲ್ ಜನರೇಟರ್ ಮೂರು ಸಲ ಕೆಮ್ಮಿತು.
ನಾಲ್ಕನೆಯದು ಕೇಳಿಸಲಿಲ್ಲ.

ಪಂಪು ನಿಂತ ಮೇಲೆ, ಸ್ವಲ್ಪ ಹೊತ್ತಿಗೆ,
ಮೇಯುವ ಸದ್ದೂ ನಿಂತಿತು.

ಬಕೆಟ್ ಅದ್ದಿದೆ, ತಲೆಯೆತ್ತರ ಎತ್ತಿದೆ, ಸುರಿದೆ.
ಅದೇ ನೀರು, ಅದೇ ತೊಟ್ಟಿಗೆ.
ಬಿದ್ದ ನೀರು ಒಂದಿಷ್ಟು ಉಸಿರು ಕಚ್ಚಿಕೊಂಡು ಹೋಗುತ್ತದೆ,
ಅಷ್ಟೇ ನನಗೆ ಗೊತ್ತಿದ್ದ ವಿಜ್ಞಾನ.
ಎರಡು ಗಂಟೆಗೆ ಬಾಗಿಲು ದೂಡಿ ಅಪ್ಪ ಬಂದ,
ಹಾಲು ಕರೆಯುವ ಬಕೆಟ್ಟಿನೊಂದಿಗೆ.
ಏನೂ ಕೇಳಲಿಲ್ಲ. ಹೇಗೆ ಸುರಿಯುತ್ತೇನೆಂದು ನೋಡಿದ,
ಆಚೆ ತುದಿಯಿಂದ ಶುರು ಮಾಡಿದ.

ಬೆಳಿಗ್ಗೆ ಎಣಿಸಿದೆವು.
ಒಂಬತ್ತು, ಹತ್ತು, ಹನ್ನೊಂದು: ಪೂರಾ ಹೋದವು.
ಆರರಲ್ಲಿ ಅರ್ಧ.
ವರದಿಯ ಹಾಳೆಯಲ್ಲಿ ‘ಕಾರಣ’ ಎಂಬ ಖಾನೆ.
ಗಾಳಿ, ಎಂದು ಬರೆದೆ. ಮುಂದೆ ತೋಚಲಿಲ್ಲ.
ಗುಡ್ಡದ ಮೇಲೆ ರೆಕ್ಕೆ ಮೆಲ್ಲಗೆ ತಿರುಗತೊಡಗಿತ್ತು,
ಏನೂ ಆಗಿಲ್ಲವೆಂಬಂತೆ.

ಅಪ್ಪ ನಾಲ್ಕನೇ ತೊಟ್ಟಿಗೆ ಒರಗಿ ನಿದ್ದೆಹೋಗಿದ್ದ,
ಬಕೆಟ್ಟಿನ ಹಿಡಿ ಇನ್ನೂ ಮುಷ್ಟಿಯಲ್ಲಿ.
ಅವನ ಟೋಪಿಯಿಂದ ಒದ್ದೆ ರಸೀದಿ ಇಣುಕುತ್ತಿತ್ತು.
ದೀಪ ಆರಿಸಿದೆ.
ಅವನ ಬೆನ್ನ ಹಿಂದೆ ಯಾರೋ
ಕಾಗದ ಹರಿಯತೊಡಗಿದರು.